ಕರಿಯ, ಕೆಂಪ ಮತ್ತು ನಾನು ಕೇಳದೇ ಬಿಟ್ಟ ಒಂದು ಪ್ರಶ್ನೆ

2022ರ ನವೆಂಬರ್. ಶಿರಸಿ ತಾಲ್ಲೂಕಿನಲ್ಲಿ ದನದ ಡಾಕ್ಟರ್ ಆಗಿ ನನಗೆ ಅದು ನಾಲ್ಕನೇ ವರ್ಷ. ಸಿದ್ದಾಪುರ ರಸ್ತೆಯಿಂದ ಒಳಗೆ ಹೋಗುವ ಒಂದು ಊರಿನ ಎಂಟು ಮನೆಯವರು ಸೇರಿ ಬೀಜಕ್ಕೆ ಅಂತ ಒಂದು ಮಲೆನಾಡು ಗಿಡ್ಡ ಹೋರಿ ಸಾಕಲು ಹೊರಟಿದ್ದರು. ಊರಲ್ಲಿದ್ದ ಗಂಡು ಕರುಗಳನ್ನೆಲ್ಲ ಒಂದೋ ಮಾರಿದ್ದರು, ಇಲ್ಲ ಬೀಜ ಒಡೆಸಿದ್ದರು. ಗಬ್ಬಕ್ಕೆ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಮಾಡಿಸಿದರೆ ಸುಲಭಕ್ಕೆ ಸಿಗುವುದು ಎಚ್‌ಎಫ್ ಇಲ್ಲವೇ ಜರ್ಸಿ, ದೊಡ್ಡ ಮೈಯ ವಿದೇಶಿ ತಳಿಗಳು. ಮೂರಡಿ ಎತ್ತರದ ಹಸುವಿನ ಹೊಟ್ಟೆಯಲ್ಲಿ ಎಚ್‌ಎಫ್ ಕರು ಬೆಳೆದರೆ ಏನು ಪಾಡು ಅಂತ ನಡುರಾತ್ರಿ ಕೊಟ್ಟಿಗೆಯಲ್ಲಿ ಕೂತು ಹಗ್ಗ ಹಾಕಿ ಕರು ಎಳೆದವರನ್ನು ಕೇಳಿ. ಹಾಗಾಗಿ ಗಿಡ್ಡ ಹೋರಿ ಬೇಕು ಅಂದಾಗ ಎಲ್ಲರಿಗಿಂತ ಖುಷಿಯಾದದ್ದು ನನಗೇ.

ಎರಡು ಹೋರಿ ತೋರಿಸಿದರು. ಒಂದು ಕರಿಯ. ಮೂರು ವರ್ಷ, ಎಣ್ಣೆ ಹಚ್ಚಿದ ಹಾಗೆ ಮಿರುಗುವ ಮೈ, ದಪ್ಪ ಕುತ್ತಿಗೆ, ಎದ್ದು ನಿಂತ ಇಣಿ. ಬೆದೆಗೆ ಬಂದ ಹಸು ಕಂಡರೆ ಕಣ್ಣಿ ಕಿತ್ತುಕೊಂಡು ಬರುವಂಥದ್ದು. ಇನ್ನೊಂದು ಕೆಂಪ. ಎರಡೂವರೆ ವರ್ಷ, ಬಡಕಲಲ್ಲದಿದ್ದರೂ ಸಾಧಾರಣ, ಜನ ಹತ್ತಿರ ಹೋದರೆ ಗೋಡೆಗೆ ಒತ್ತಿಕೊಂಡು ನಿಲ್ಲುವ ಸ್ವಭಾವ. ನಾನು ಕರಿಯನ ಸುತ್ತ ಎರಡು ಸುತ್ತು ಬಂದೆ. ಹಲ್ಲು ನೋಡಿದೆ, ಕಾಲು ನೋಡಿದೆ, ಗಬ್ಬ ಕಳೆಯುವ ಅಂಟುರೋಗ ಬ್ರುಸೆಲ್ಲಾ ಪರೀಕ್ಷೆಗೆ ರಕ್ತ ತೆಗೆದೆ. "ಮಳೆಗಾಲದಲ್ಲಿ ಸ್ವಲ್ಪ ಗಂಟೆದ್ದಿತ್ತು ಡಾಕ್ಟ್ರೇ, ಈಗ ಎಂತದೂ ಇಲ್ಲೆ," ಅಂದರು ಮನೆಯ ಯಜಮಾನರು. ಕಿವಿಯೋಲೆ ನಂಬರ್ ಬರೆದುಕೊಳ್ಳುತ್ತಿದ್ದ ನಾನು "ಹ್ಞೂಂ" ಅಂದೆ. ಆ ಹ್ಞೂಂ ನನಗೆ ಇವತ್ತಿಗೂ ಕೇಳಿಸುತ್ತದೆ.

ರಕ್ತದ ಪರೀಕ್ಷೆಯಲ್ಲಿ ಏನೂ ಬರಲಿಲ್ಲ. ಕರಿಯನೇ ಆಗಲಿ ಅಂದೆ. ಎಲ್ಲರಿಗೂ ಸಮಾಧಾನ. ಅವರಿಗೂ ಅದೇ ಬೇಕಿತ್ತು.

ಜನವರಿ ಎರಡನೇ ವಾರಕ್ಕೆ ಫೋನ್ ಬಂತು. ಹನ್ನೊಂದು ಹಸುವಿಗೆ ಕರಿಯನನ್ನು ಹಾರಿಸಿದ್ದಾರೆ, ಎಂಟು ಗಬ್ಬ ನಿಲ್ಲದೆ ಮತ್ತೆ ಬೆದೆಗೆ ಬಂದಿವೆ. ಕೆಲವು ಇಪ್ಪತ್ತೊಂದು ದಿನ ಲೆಕ್ಕ ಹಾಕಿದ ಹಾಗೆ ಎರಡು ಸಲ, ಒಂದಂತೂ ಮೂರನೇ ಸಲ. ಒಂದೆರಡು ಹಸು ಗಬ್ಬ ನಿಲ್ಲದಿದ್ದರೆ ಹಸುವಿನ ದೋಷ ಅನ್ನಬಹುದು. ಎಂಟು ಮನೆಯ ಎಂಟು ಹಸುವಿಗೆ ಒಟ್ಟಿಗೇ ದೋಷ ಬರುತ್ತದಾ?

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ಹೋರಿ ಪರೀಕ್ಷೆ ಅಂತ ನಾವು ಕಾಲೇಜಿನಲ್ಲಿ ಓದಿದ್ದೆಲ್ಲ ಆಂಗಸ್, ಹಿಯರ್‌ಫೋರ್ಡ್ ಥರದ ತಳಿಗಳ ಮೇಲೆ ಬರೆದದ್ದು. ಆಂಗಸ್ ಅಂದರೆ ಸ್ಕಾಟ್ಲೆಂಡಿನ ಈಶಾನ್ಯ ಭಾಗದ ಕಪ್ಪು ದನ, ಕೊಂಬಿಲ್ಲದ್ದು. 1873ರಲ್ಲಿ ನಾಲ್ಕು ಹೋರಿ ಅಮೆರಿಕದ ಕಾನ್ಸಾಸ್‌ಗೆ ಹೋದವು, ಈಗ ಅಲ್ಲಿ ಎಲ್ಲಿ ನೋಡಿದರೂ ಅದೇ. ಮಾಂಸದ ತಳಿ. ಅಲ್ಲಿನವರು ಒಂದು ವರ್ಷದ ಎಳೆ ಹೋರಿಯನ್ನೇ ಬೀಜಕ್ಕೆ ಬಿಡುತ್ತಾರೆ. ಅಷ್ಟು ಹೊತ್ತಿಗೆ ಅದು 450–500 ಕೆಜಿ ತೂಗುತ್ತದೆ. ನಮ್ಮ ಗಿಡ್ಡ ಬೆಳೆದು ನಿಂತರೂ ಅದರ ಅರ್ಧ ಇಲ್ಲ. ಪರೀಕ್ಷೆಗೆ ಆ ಕೋಷ್ಟಕ ಬಾಯಿಪಾಠ ಮಾಡಿದ್ದೆ: ಆಂಗಸ್ ಹೋರಿಗೆ ಹದಿನೈದು ತಿಂಗಳೊಳಗೆ ವೃಷಣದ ಸುತ್ತಳತೆ ಕಡಿಮೆ ಅಂದರೂ 30 ಸೆಂ.ಮೀ. ಇರಬೇಕು, ಎರಡು ವರ್ಷ ದಾಟಿದರೆ 34. ಪಾಸಾದ ಮೇಲೆ ಮರೆತೆ. ಕಂಡೇ ಇರದ ದನದ ಅಳತೆ ಕಟ್ಟಿಕೊಂಡು ಶಿರಸಿಯಲ್ಲಿ ನನಗೇನು ಕೆಲಸ ಅನ್ನುವ ಉಡಾಫೆ.

ಅಂಕಿ ನಮ್ಮದಲ್ಲ, ನಿಜ. ಆದರೆ ಆ ಪರೀಕ್ಷೆಯಲ್ಲಿ ಒಂದು ಕ್ರಮ ಇತ್ತು. ಮೊದಲು ಹಿಂದಿನ ಕಥೆ ಕೇಳು, ಆಮೇಲೆ ನಡಿಗೆ ನೋಡು, ಆಮೇಲೆ ಕೈಯಾರೆ ಮುಟ್ಟಿ ಅಳೆ, ಆಮೇಲೆ ವೀರ್ಯ ನೋಡು, ಕೊನೆಗೆ ಹಸುವಿನ ಮೇಲೆ ಹಾರುವುದನ್ನು ನಿಂತು ನೋಡು. ನಾನು ಅಂಕಿಯ ಜೊತೆ ಕ್ರಮವನ್ನೂ ಎಸೆದಿದ್ದೆ.

ಫೋನ್ ಬಂದ ಮೂರನೇ ದಿನ ಬೆಳಿಗ್ಗೆ ಏಳಕ್ಕೆ ಆ ಊರಿಗೆ ಹೋದೆ. ತೋಟದ ಮೇಲೆ ಇಬ್ಬನಿ ಇನ್ನೂ ಹರಿದಿರಲಿಲ್ಲ. ಬೈಕಿನ ಹಿಂದೆ ಹಳೇ ಸೂಕ್ಷ್ಮದರ್ಶಕ, ಬ್ಯಾಗಿನಲ್ಲಿ ಬಿಸಿನೀರಿನ ಫ್ಲಾಸ್ಕ್. ಟೇಪ್ ಮರೆತಿದ್ದೆ, ಆ ಮನೆಯ ಅಮ್ಮನ ಹೊಲಿಗೆ ಟೇಪೇ ಗತಿ. ಕರಿಯನ ಹಿಂದೆ ಕೂತು ಎರಡೂ ತರಡನ್ನು ಮೆಲ್ಲಗೆ ಕೆಳಗೆ ಇಳಿಸಿ ಅತಿ ದಪ್ಪ ಇರುವ ಕಡೆ ಟೇಪ್ ಸುತ್ತಿದೆ. ಸುತ್ತಳತೆಯಲ್ಲಿ ಕೊರತೆ ಅನಿಸಲಿಲ್ಲ. ಬೆರಳಿಗೆ ಗೊತ್ತಾಯಿತು. ಬಲಗಡೆಯದು ಒತ್ತಿದರೆ ಬಿಗಿಯಾಗಿ ಪುಟಿಯುತ್ತಿತ್ತು. ಎಡಗಡೆಯದರಲ್ಲಿ ಒಂದು ಕಡೆ ಗಟ್ಟಿ, ಪಕ್ಕದಲ್ಲೇ ಮೆತ್ತಗೆ, ಹಳೇ ಆಲೂಗಡ್ಡೆ ಥರ. ಎರಡು ತಿಂಗಳ ಹಿಂದೆ ಎರಡೇ ನಿಮಿಷ ಕೈ ಹಾಕಿದ್ದರೆ ಸಿಗುತ್ತಿತ್ತು.

ಬೆದೆಗೆ ಬಂದ ಹಸು ಮುಂದೆ ಕಟ್ಟಿ, ಕೃತಕ ಯೋನಿಗೆ 45 ಡಿಗ್ರಿ ಬಿಸಿನೀರು ತುಂಬಿ ವೀರ್ಯ ಹಿಡಿದೆವು. ಅಭ್ಯಾಸ ಇಲ್ಲದ ಹೋರಿ, ಮೂರನೇ ಸಲಕ್ಕೆ ಸಿಕ್ಕಿತು. ಜಗಲಿ ಮೇಲೆ ಸೂಕ್ಷ್ಮದರ್ಶಕ ಇಟ್ಟು ಒಂದು ಹನಿ ಹಾಕಿ ನೋಡಿದರೆ ಒಂದೂ ಅಲ್ಲಾಡುತ್ತಿಲ್ಲ. "ಎಲ್ಲಾ ಸತ್ತಿವೆ" ಅನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಗಾಜಿನ ಪಟ್ಟಿ ಮುಟ್ಟಿದ ನನ್ನ ಬೆರಳು ಕೊರೆಯಿತು. ಇಬ್ಬನಿಯಲ್ಲಿ ಬೈಕ್ ಮೇಲೆ ಬಂದ ಗಾಜು ಅದು! ಬೆಚ್ಚಗಿನ ವೀರ್ಯವನ್ನು ತಣ್ಣನೆ ಗಾಜಿನ ಮೇಲೆ ಹಾಕಿದರೆ ಎಂಥ ಗಟ್ಟಿ ಹೋರಿಯದ್ದೂ ನಿಂತುಹೋಗುತ್ತದೆ. ವೀರ್ಯದ ಕೊಳವೆ ಉಗುರು ಬೆಚ್ಚಗಿನ ನೀರಲ್ಲೇ ಇತ್ತು, ಸದ್ಯ. ಇನ್ನೊಂದು ಗಾಜಿನ ಪಟ್ಟಿಯನ್ನು ಮೈ ಶಾಖಕ್ಕೆ ಬರುವಷ್ಟು ಬಿಸಿನೀರಿನ ಲೋಟಕ್ಕೆ ಆನಿಸಿ ಬೆಚ್ಚಗೆ ಮಾಡಿ ಮತ್ತೆ ನೋಡಿದೆ.

ಈ ಸಲ ಅಲ್ಲೊಂದು ಇಲ್ಲೊಂದು ಓಡುತ್ತಿದ್ದವು. ಹತ್ತರಲ್ಲಿ ಒಂದು ಇರಬಹುದು. ಉಳಿದವು ನಿಂತಲ್ಲೇ ನಡುಗುವವು, ಬಾಲ ಸುರುಳಿ ಸುತ್ತಿದವು, ತಲೆ ಒಂದು ಕಡೆ ಬಾಲ ಒಂದು ಕಡೆ ಆದವು. ಬಣ್ಣ ಹಾಕಿ ನೋಡಿದೆ. ಬದುಕಿದ್ದರ ತಲೆ ಬೆಳ್ಳಗೇ ಉಳಿಯುತ್ತದೆ, ಸತ್ತದ್ದು ಗುಲಾಬಿಯಾಗುತ್ತದೆ. ಜಗಲಿಯ ಆ ಗಾಜಿನ ತುಂಬ ಗುಲಾಬಿ. ಪುಸ್ತಕದ ಪ್ರಕಾರ ನೂರರಲ್ಲಿ 30 ಆದರೂ ಮುಂದಕ್ಕೆ ಓಡಬೇಕು, 70 ಆದರೂ ಸರಿಯಾದ ಆಕಾರದಲ್ಲಿರಬೇಕು. ಸುತ್ತಳತೆಯ ಅಂಕಿ ಆಂಗಸ್‌ನದ್ದು, ಆದರೆ ಈ ಎರಡಕ್ಕೆ ಗಿಡ್ಡ ಅಂತ ರಿಯಾಯಿತಿ ಕೊಡಲು ನನಗೆ ಯಾವ ಕಾರಣವೂ ಕಾಣಲಿಲ್ಲ.

ಆಮೇಲೆ ಕೇಳಿದೆ. ಗಂಟೆದ್ದಿತ್ತು ಅಂದರಲ್ಲ, ಯಾವಾಗ? ಸೆಪ್ಟೆಂಬರ್. ಜ್ವರ ಎಷ್ಟು ದಿನ? ಒಂದು ವಾರ, ಮೇವು ಬಿಟ್ಟಿತ್ತು. ಚರ್ಮಗಂಟು ರೋಗ. ಆ ವರ್ಷ ನಮಗೆ ದಿನವಿಡೀ ಅದೇ ಕೆಲಸ ಆಗಿತ್ತು. ಹಾಗಿದ್ದೂ ನನ್ನ ತಲೆಗೆ ಹೋಗಿರಲಿಲ್ಲ. ತರಡು ಮೈಯಿಂದ ಹೊರಗೆ ನೇತಾಡುವುದೇ ತಂಪಿಗೆ. ಜೋರು ಜ್ವರ ಬಂದರೆ ಒಳಗೆ ತಯಾರಾಗುತ್ತಿರುವ ಸರಕೆಲ್ಲ ಹಾಳು. ಚರ್ಮಗಂಟು ರೋಗದಲ್ಲಿ ತರಡಿಗೇ ಬಾವು ಬರುವುದೂ ಉಂಟು. ಹೊಸ ಸರಕು ತಯಾರಾಗಲು ಸುಮಾರು 60 ದಿನ ಬೇಕು, ಹೊರಗೆ ಬರುವ ದಾರಿಯಲ್ಲಿ ಇನ್ನೊಂದು ವಾರ ಹತ್ತು ದಿನ. ಅಂದರೆ ಜ್ವರ ಬಿಟ್ಟು ಎರಡೂವರೆ ತಿಂಗಳವರೆಗೆ ಹೋರಿ ಹೊರಗಿನಿಂದ ಎಷ್ಟೇ ಮಿರುಗಲಿ, ನಂಬುವ ಹಾಗಿಲ್ಲ. ಕರಿಯನಿಗೆ ಆಗಲೇ ನಾಲ್ಕು ತಿಂಗಳು ಕಳೆದಿತ್ತು. ಸುಧಾರಿಸುವುದಿದ್ದರೆ ಸುಧಾರಿಸಬೇಕಿತ್ತು. ಆದರೂ ಮಾರ್ಚ್ ಕೊನೆಯಲ್ಲಿ ಇನ್ನೊಮ್ಮೆ ನೋಡಿದೆ. ಹೆಚ್ಚೇನೂ ಬದಲಾಗಿರಲಿಲ್ಲ. ಬೀಜ ಒಡೆಸಿದರು. ಈಗ ಕೊಟ್ಟಿಗೆಯಲ್ಲಿದೆ, ತೋಟಕ್ಕೆ ಗೊಬ್ಬರ ಕೊಡುತ್ತದೆ.

ಒಂದು ಮಾತು ಹೇಳಬೇಕು. ಕರಿಯನಿಗೆ ಹಾರುವ ಉತ್ಸಾಹ ಒಂದಿಷ್ಟೂ ಕಡಿಮೆ ಇರಲಿಲ್ಲ. ಅದನ್ನು ನೋಡಿಯೇ ನಾವೆಲ್ಲ ಮೋಸಹೋದದ್ದು. ಹಾರುವ ಹುಮ್ಮಸ್ಸಿಗೂ ಬೀಜದ ಗುಣಕ್ಕೂ ಹೇಳಿಕೊಳ್ಳುವಂಥ ಸಂಬಂಧ ಇಲ್ಲ. ಈಗ ಮೊಬೈಲಿನಲ್ಲಿ ಹೋರಿ ವಿಡಿಯೋ ಕಳಿಸಿ "ಹೆಂಗಿದೆ ಡಾಕ್ಟ್ರೇ?" ಅಂತ ಕೇಳುತ್ತಾರೆ. ಚೆಂದ ಇದೆ ಅನ್ನುತ್ತೇನೆ. ಅದಕ್ಕಿಂತ ಹೆಚ್ಚು ವಿಡಿಯೋದಲ್ಲಿ ಹೇಳಲು ಬರುವುದಿಲ್ಲ.

ಕೆಂಪನ ಕಡೆ ತಿರುಗಿದೆವು. ಈ ಸಲ ಕ್ರಮ ತಪ್ಪಿಸಲಿಲ್ಲ. ಜ್ವರ ಬಂದಿಲ್ಲ, ಚರ್ಮಗಂಟು ರೋಗಕ್ಕೆ ಅಂತ ದನಗಳಿಗೆ ಕೊಡುತ್ತಿದ್ದ ಮೇಕೆ ಸಿಡುಬಿನ ಲಸಿಕೆ ಹಾಕಿಸಿದ್ದರು. ತಾಯಿಯ ಬಗ್ಗೆ ಕೇಳಿದೆ. ಆಂಗಸ್ ಸಾಕುವವರ ಹತ್ತಿರ ಹೋರಿಯ ಜೊತೆ ಒಂದು ಹಾಳೆ ಅಂಕಿ ಬರುತ್ತದೆ, ಕರು ಹುಟ್ಟುವಾಗಿನ ತೂಕ, ಹೆಣ್ಣುಮಕ್ಕಳ ಹಾಲು, ಸುಲಭ ಹೆರಿಗೆ ಎಲ್ಲಾ. ನಮ್ಮಲ್ಲಿ ಆ ಹಾಳೆ ಆ ಮನೆಯ ಅಮ್ಮನ ತಲೆಯಲ್ಲಿತ್ತು. ಕೆಂಪನ ತಾಯಿ ಆರು ಕರು ಹಾಕಿದೆ, ಒಂದಕ್ಕೂ ಯಾರೂ ಕೈ ಹಚ್ಚಿಲ್ಲ. ವರ್ಷ ಒಂದು ತಿಂಗಳೊಳಗೆ ಮತ್ತೊಂದು ಕರು. ಬೆಟ್ಟಕ್ಕೆ ಬಿಟ್ಟರೆ ಸಂಜೆ ತಾನೇ ಮನೆಗೆ ಬರುತ್ತದೆ. ಎರಡು ಹೊತ್ತು ಸೇರಿ ಎರಡೂವರೆ ಲೀಟರ್. ಗಿಡ್ಡಕ್ಕೆ ಅದು ಒಳ್ಳೆಯ ಹಾಲೇ. ಕರಿಯನ ತಾಯಿ? "ಅದು ಮಾರಿದ್ದು, ಒದೆಯುತ್ತಿತ್ತು" ಅಂದರು. ಇದನ್ನೂ ನಾನು ಕೇಳಿರಲಿಲ್ಲ.

ನಡಿಗೆ ನೋಡಲು ಗದ್ದೆ ಅಂಚಿನ ಕೆಸರಿನಲ್ಲಿ ನಡೆಸಿದೆ. ಮುಂಗಾಲು ಊರಿದ ಗುರುತಿನ ಮೇಲೇ, ಹೆಚ್ಚುಕಮ್ಮಿ, ಹಿಂಗಾಲು ಬೀಳುತ್ತಿತ್ತು. ಹಿಂಗಾಲು ಕಂಬದ ಹಾಗೆ ನೆಟ್ಟಗಿದ್ದರೆ ಹೆಜ್ಜೆ ಗಿಡ್ಡವಾಗುತ್ತದೆ. ಹಾರುವಾಗ ಮೈ ಭಾರವೆಲ್ಲ ಹಿಂಗಾಲಿನ ಕೀಲಿನ ಮೇಲೇ ಬೀಳುತ್ತದೆ, ಬರಬರುತ್ತ ಕುಂಟಬಹುದು. ಕೆಂಪನದ್ದು ಹಾಗಿರಲಿಲ್ಲ. ಟೇಪ್ ಹಿಡಿದರೆ ಕರಿಯನಿಗಿಂತ ಎರಡು ಸೆಂ.ಮೀ. ಜಾಸ್ತಿ, ಆರು ತಿಂಗಳು ಸಣ್ಣವನಾಗಿದ್ದೂ! ಈ ಗುಣ ಮಗಳಿಗೂ ಇಳಿಯುತ್ತದೆ. ಅಳತೆ ಚೆನ್ನಾಗಿರುವ ಹೋರಿಯ ಕಡಸುಗಳು ಬೇಗ ಬೆದೆಗೆ ಬರುತ್ತವೆ ಅನ್ನುವುದನ್ನು ಆ ಮಾಂಸದ ತಳಿಗಳಲ್ಲೇ ಚೆನ್ನಾಗಿ ನೋಡಿದ್ದಾರೆ.

ಬೆಚ್ಚಗಿನ ಗಾಜಿನ ಮೇಲೆ ಕೆಂಪನ ಹನಿ ಹಾಕಿದೆ. ಯಜಮಾನರಿಗೆ ಕಣ್ಣಿಟ್ಟು ನೋಡಿ ಅಂದೆ. ಕನ್ನಡಕ ತೆಗೆದು ತುಂಬ ಹೊತ್ತು ನೋಡಿದರು. "ಮೊದಲ ಮಳೆಗೆ ಗದ್ದೇಲಿ ಗೊದಮೊಟ್ಟೆ ಇರ್ತಲ, ಹಂಗೇ," ಅಂದರು. ಆಮೇಲೆ ಮನೆಯವರೆಲ್ಲ ಸಾಲಾಗಿ ಬಂದು ನೋಡಿದರು. ಸೊಸೆ ಮಾತ್ರ ಬಾಗಿಲಲ್ಲೇ ನಿಂತು ನಕ್ಕರು.

ಹಾರಿಸಿ ನೋಡುವುದೇ ಕಷ್ಟ ಆಯಿತು. ಕೆಂಪ ಹಸುವಿನ ಪಕ್ಕದಿಂದ ಹತ್ತಲು ನೋಡುತ್ತಿತ್ತು, ಒಮ್ಮೆ ತಲೆ ಕಡೆಯಿಂದ. ಎಳೆ ಹೋರಿಗಳು ಹಾಗೇ, ನಗಬಾರದು, ಬಡಿಯಂತೂ ಬಾರದು. ಒಮ್ಮೆ ಹೆದರಿಸಿದರೆ ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ಸಾಧು ಸ್ವಭಾವದ, ಕರು ಹಾಕಿ ಅಭ್ಯಾಸ ಇರುವ ಹಸುವನ್ನೇ ಮೊದಲು ಕೊಟ್ಟೆವು. ನಾಲ್ಕನೇ ಪ್ರಯತ್ನಕ್ಕೆ ಸರಿಯಾಯಿತು. ಈ ಹಂತವನ್ನು ಹಾರಿಸಿಬಿಡಬಾರದು. ಶಿಶ್ನದ ತುದಿಯನ್ನು ಕೆಳಗೆ ಎಳೆದು ಹಿಡಿಯುವ ಒಂದು ಎಳೆ ಪೊರೆ ಕೆಲವು ಎಳೆ ಹೋರಿಗಳಲ್ಲಿ ಉಳಿದಿರುತ್ತದೆ. ಆಂಗಸ್‌ನಲ್ಲಿ ಅದು ಸ್ವಲ್ಪ ಜಾಸ್ತಿಯೇ. ಸುಮ್ಮನೆ ನಿಂತಾಗ ಅದು ಕಣ್ಣಿಗೆ ಬೀಳುವುದಿಲ್ಲ, ಹಾರುವಾಗ ಕಾಣುತ್ತದೆ.

ಆಮೇಲಿನ ತಲೆನೋವೇ ಬೇರೆ. ಕೆಂಪನ ಹಸುಗಳು ಗಬ್ಬ ನಿಂತ ಸುದ್ದಿ ಹರಡಿ ಪಕ್ಕದ ಊರಿನವರೂ ಹಸು ಹೊಡೆದುಕೊಂಡು ಬರತೊಡಗಿದರು. ಒಂದೇ ದಿನ ಮೂರು. ಹೋರಿಯ ಪಕ್ಕೆಲುಬು ಕಾಣತೊಡಗಿತು. ಅದಿನ್ನೂ ಬೆಳೆಯುವ ಹುಡುಗ ಅಲ್ವಾ? ಆಂಗಸ್ ಸಾಕುವವರಲ್ಲಿ ಒಂದು ಕೈಲೆಕ್ಕ ಇದೆ, ಎಳೆ ಹೋರಿಗೆ ಎಷ್ಟು ತಿಂಗಳ ವಯಸ್ಸೋ ಆ ಹಂಗಾಮಿಗೆ ಅಷ್ಟೇ ಹಸು. ನಮ್ಮಲ್ಲಿ ಕಟ್ಟಿ ಹಾರಿಸುವುದರಿಂದ ಲೆಕ್ಕ ಬೇರೆ. ವಾರಕ್ಕೆ ಎರಡು, ಹೆಚ್ಚೆಂದರೆ ಮೂರು ಅಂತ ಕೊಟ್ಟಿಗೆ ಕಂಬಕ್ಕೆ ಕ್ಯಾಲೆಂಡರ್ ಕಟ್ಟಿಸಿದೆ. ಹೊರಗಿನ ಊರಿನ ಹಸು ಬಂದರೆ ಬ್ರುಸೆಲ್ಲಾ ಪರೀಕ್ಷೆ ಆಗಿರಲೇಬೇಕು. ಆ ಲಸಿಕೆ ಹಾಕುವುದು 4ರಿಂದ 8 ತಿಂಗಳ ಹೆಣ್ಣು ಕರುವಿಗೆ ಮಾತ್ರ, ಹೋರಿಗೆ ಹಾಕುವ ಹಾಗಿಲ್ಲ. ರೋಗ ಒಂದು ಹಸುವಿನಿಂದ ಹೋರಿಗೆ, ಹೋರಿಯಿಂದ ಬೇರೆ ಹಸುಗಳಿಗೆ ದಾಟಬಹುದು. ಈ ವಿಷಯಕ್ಕೆ ನಾನು ಒಬ್ಬಿಬ್ಬರ ಜೊತೆ ಜಗಳವನ್ನೂ ಮಾಡಿಕೊಂಡಿದ್ದೇನೆ.

ನನ್ನ ನೋಟ್‌ಬುಕ್ಕಿನ ಹೋರಿ ಪುಟದಲ್ಲಿ ಈಗ ಮೊದಲ ಸಾಲು, ಹೆಸರು ಬಣ್ಣಕ್ಕಿಂತ ಮೇಲೆ: ಹೋದ ಮೂರು ತಿಂಗಳಲ್ಲಿ ಜ್ವರ ಬಂದಿತ್ತಾ? ಉತ್ತರ ಏನೇ ಇದ್ದರೂ ಹಂಗಾಮಿಗೆ ಮುಂಚೆ ವರ್ಷಕ್ಕೊಮ್ಮೆ ಮತ್ತೆ ಅದೇ ಪರೀಕ್ಷೆ. ಹೋದ ವರ್ಷ ಪಾಸಾದ ಹೋರಿ ಈ ವರ್ಷವೂ ಪಾಸು ಅಂತ ಏನಿಲ್ಲ.

ಕೆಂಪನ ಮೊದಲ ಕಡಸುಗಳಿಗೆ ಈಗ ಎರಡು ವರ್ಷ ದಾಟಿದೆ. ಅವು ಬೆದೆಗೆ ಬರುವ ಮುಂಚೆ ಕೆಂಪ ಊರು ಬಿಡಬೇಕು, ಇಲ್ಲದಿದ್ದರೆ ಅಪ್ಪನೇ ಮಗಳ ಮೇಲೆ ಹಾರುತ್ತದೆ. ಬೇರೆ ಊರಿನ ಹೋರಿಗೆ ಅದಲುಬದಲು ಮಾಡುವ ಮಾತು ನಡೆದಿದೆ. ಸಿದ್ದಾಪುರದ ಆಚೆ ಒಂದಿದೆಯಂತೆ. "ನೋಡೂಲೆ ಅಷ್ಟೇನೂ ಚೆಂದ ಇಲ್ಲೆ ಡಾಕ್ಟ್ರೇ," ಅಂದರು ಯಜಮಾನರು ಫೋನಿನಲ್ಲಿ, ಆಮೇಲೆ ಅವರೇ ನಕ್ಕರು. ಬರುವ ವಾರ ಹೋಗಬೇಕು. ಟೇಪ್ ಬ್ಯಾಗಿನಲ್ಲೇ ಇದೆ, ಫ್ಲಾಸ್ಕ್ ತೊಳೆದಿಡಬೇಕು.