ಬಿ.ಎಡ್‌ಗೆ ಎರಡು ವರ್ಷ ಜಾಸ್ತಿ ಅಲ್ಲ

ಬಿ.ಎಡ್ ಮಾಡ್ತಿದ್ದೇನೆ ಅಂದರೆ ಸಾಕು, ಎಲ್ಲರೂ ಕೇಳೋದು ಒಂದೇ: ಒಂದು ವರ್ಷದ ಕೋರ್ಸ್ ಅಲ್ವಾ? ಅಲ್ಲ, 2015ರಿಂದ ಎರಡು ವರ್ಷ ಆಗಿದೆ. ಸುಮ್ನೆ ಎಳೆದಿದ್ದಾರೆ ಅನ್ನುವವರೂ ಇದ್ದಾರೆ. ನಾನು ಒಪ್ಪೋದಿಲ್ಲ.

ಮಕ್ಕಳು ಹೇಗೆ ಕಲೀತಾರೆ ಅಂತ ಹೇಳಿದ ಮನಶ್ಶಾಸ್ತ್ರಜ್ಞರು ಪಿಯಾಜೆ, ವೈಗೋಟ್ಸ್ಕಿ, ಅವರನ್ನೆಲ್ಲ ಪರೀಕ್ಷೆಗೆ ಓದಿದ್ದಾಯಿತು. ಆದರೆ ಎರಡನೇ ವರ್ಷದ ಇಂಟರ್ನ್‌ಶಿಪ್, ಅಂದರೆ ಶಿಕ್ಷಕರ ಕೋರ್ಸ್‌ಗಳಿಗೆ ನಿಯಮ ಮಾಡುವ ಎನ್‌ಸಿಟಿಇ ಹೇಳುವ 16 ವಾರ ಶಾಲೆಯಲ್ಲೇ ಇರಬೇಕಲ್ಲ, ಅಲ್ಲಿ ಹೋದ ಮೇಲೆ ಅದೆಲ್ಲ ಯಾಕೆ ಬೇಕು ಅಂತ ಗೊತ್ತಾಯಿತು. ಒಂಬತ್ತನೇ ತರಗತಿಗೆ ಆಸ್ಮಾಸಿಸ್ ಪಾಠ, ಅಂದರೆ ಜೀವಕೋಶದ ಪೊರೆಯ ಮೂಲಕ ನೀರು ಸಕ್ಕರೆಯಂಥದ್ದು ಹೆಚ್ಚಿರುವ ಕಡೆಗೆ ಹೋಗೋದು. ಎರಡು ಆಲೂಗಡ್ಡೆಯಲ್ಲಿ ಗುಳಿ ತೋಡಿ, ಒಂದು ಹಸಿಯದು, ಇನ್ನೊಂದು ಬೇಯಿಸಿದ್ದು, ಎರಡಕ್ಕೂ ಸಕ್ಕರೆ ಹಾಕಿ ನೀರಿನ ತಟ್ಟೆಯಲ್ಲಿಟ್ಟೆವು. ಊಟದ ಬಿಡುವು ಮುಗಿಸಿ ಬಂದಾಗ ಹಸಿಯದರ ಗುಳಿಯಲ್ಲಿ ನೀರು ತುಂಬಿತ್ತು. "ಮಿಸ್, ಬೇಯಿಸಿದ್ದರಲ್ಲಿ ಯಾಕೆ ಬಂದಿಲ್ಲ?" ಅಂತ ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ನಾನು ಉತ್ತರ ಹೇಳಲಿಲ್ಲ. ಬೇಯಿಸಿದರೆ ಜೀವಕೋಶಕ್ಕೆ ಏನಾಗುತ್ತೆ ಅಂತಷ್ಟೇ ಕೇಳಿದೆ. ಪೊರೆ ಹಾಳಾಗುತ್ತೆ ಅಂತ ಅವರವರೇ ಜಗಳ ಆಡಿಕೊಂಡು ಹೇಳಿದರು! ಮಗುವಿಗೆ ಸ್ವಲ್ಪ ಆಸರೆ ಕೊಟ್ಟರೆ ಸಾಕು ಅನ್ನುವ ವೈಗೋಟ್ಸ್ಕಿ ಮಾತು ನನಗೆ ಅರ್ಥ ಆದದ್ದು ಅವತ್ತೇ.

ಪಿಯುಸಿ ಮುಗಿಸಿ ಮೇಷ್ಟ್ರಾಗಬೇಕು ಅಂತ ಈಗಲೇ ಗಟ್ಟಿ ಮಾಡಿಕೊಂಡವರು ಮೈಸೂರಿನ ಆರ್‌ಐಇಯಲ್ಲಿರುವ (ಪ್ರಾದೇಶಿಕ ಶಿಕ್ಷಣ ಸಂಸ್ಥೆ) ನಾಲ್ಕು ವರ್ಷದ ಕೋರ್ಸನ್ನೂ ನೋಡಿ. ಅಲ್ಲಿ ಡಿಗ್ರಿ, ಬಿ.ಎಡ್ ಎರಡೂ ಒಟ್ಟಿಗೇ ಮುಗಿಯುತ್ತವೆ.