ಲಿಫ್ಟಿಗೆ ಇಡಿಗಂಟಿದೆ, ರೈಲಿಗೆ?

ಕಳೆದ ಫೆಬ್ರವರಿಯಲ್ಲಿ ಚಿಕ್ಕಪ್ಪನ ಮಗನ ಜೊತೆ ಟೊರಾಂಟೊದ ಸ್ಕಾರ್ಬರೋ ಸೆಂಟರ್ ಕಡೆ ಕಾಂಡೋ, ಅಂದರೆ ಸ್ವಂತಕ್ಕೆ ಕೊಳ್ಳುವ ಫ್ಲ್ಯಾಟ್, ನೋಡಲು ಹೋಗಿದ್ದೆ. ಅವನು ಶಿವಮೊಗ್ಗದಿಂದ ಇಲ್ಲಿಗೆ ಬಂದು ಹೆಚ್ಚು ದಿನವಾಗಿಲ್ಲ. ಕೆನಡಿ ಸ್ಟೇಷನ್ನಿನಲ್ಲಿ ಸಬ್‌ವೇ (ಇಲ್ಲಿನ ಮೆಟ್ರೋ ರೈಲು) ಇಳಿದು ಬಸ್ಸಿಗೆ ಕ್ಯೂ ನಿಂತೆವು. ಮೈ ಕೊರೆಯುವ ಚಳಿ. ಮುಂದೆ ನಿಂತಿದ್ದ ಅಜ್ಜಿಯ ಕೈಯಲ್ಲಿ ತರಕಾರಿ ತುಂಬಿದ ಟ್ರಾಲಿ. ಮೊದಲು ಬಂದ ಬಸ್ಸಿನಲ್ಲಿ ಅವರಿಗೆ ಜಾಗವೇ ಸಿಗಲಿಲ್ಲ.

"ಅಕ್ಕಾ, ಅಲ್ಲಿಗೆ ರೈಲೇ ಇತ್ತಂತಲ್ಲ, ಏನಾಯ್ತು?" ಅಂತ ತಮ್ಮ ಕೇಳಿದ.

ಇತ್ತು. 1985ರಲ್ಲಿ ಶುರುವಾದ ಸ್ಕಾರ್ಬರೋ ಆರ್‌ಟಿ (ರ್‍ಯಾಪಿಡ್ ಟ್ರಾನ್ಸಿಟ್) ರೈಲು. ಆರು ಸ್ಟೇಷನ್ನಿನ ಪುಟ್ಟ ಮಾರ್ಗ. ಹಿಮ ಜಾಸ್ತಿ ಬಿದ್ದರೆ ನಿಂತುಬಿಡುತ್ತಿತ್ತು, ಆದರೂ ನಮಗೆಲ್ಲ ಅದೇ ಆಧಾರ. 2023ರ ಜುಲೈ 24ರ ಸಂಜೆ ಎಲ್ಸ್‌ಮಿಯರ್ ಸ್ಟೇಷನ್ ಹತ್ತಿರ ಕೊನೆಯ ಬೋಗಿ ಹಳಿ ತಪ್ಪಿತು. ಐದು ಜನಕ್ಕೆ ಪೆಟ್ಟಾಯಿತು. ಹಳಿಗಳ ನಡುವೆ ಇರುವ ಲೋಹದ ಪಟ್ಟಿಯ ಬೋಲ್ಟ್‌ಗಳು ಸಡಿಲವಾಗಿದ್ದವು ಅಂತ ಆಮೇಲೆ ಗೊತ್ತಾಯಿತು. ಬೋಲ್ಟ್! ಅದೇ ನವೆಂಬರ್‌ನಲ್ಲಿ ಮಾರ್ಗ ಮುಚ್ಚುವುದು ಮೊದಲೇ ತೀರ್ಮಾನವಾಗಿತ್ತು. ಹಾಗಾಗಿ ಆ ರೈಲು ಮತ್ತೆ ಓಡಲೇ ಇಲ್ಲ. ಅದರ ಬದಲಿಗೆ ಬರಬೇಕಾದ 7.8 ಕಿ.ಮೀ. ಸಬ್‌ವೇ ಇನ್ನೂ ಕಟ್ಟುತ್ತಲೇ ಇದ್ದಾರೆ.

ಮನೆ ಚೆನ್ನಾಗಿತ್ತು. ಮೇಲಿನ ಮಹಡಿ, ಒಳ್ಳೆ ಬೆಳಕು. ತಿಂಗಳ ಮೇಂಟೆನೆನ್ಸ್ ಯಾಕಿಷ್ಟು ಅಂತ ತಮ್ಮ ಕೇಳಿದಾಗ ಏಜೆಂಟ್ ಕಾಗದಗಳನ್ನು ಮೇಜಿನ ಮೇಲೆ ಹರಡಿದರು. ಇಲ್ಲಿ ಪ್ರತಿ ಕಾಂಡೋ ಕಟ್ಟಡವೂ ರಿಸರ್ವ್ ಫಂಡ್, ಅಂದರೆ ಮುಂದಿನ ದೊಡ್ಡ ರಿಪೇರಿಗೆಂದು ಕೂಡಿಟ್ಟ ಇಡಿಗಂಟು, ಇಡಲೇಬೇಕು, ಕಾನೂನೇ ಹಾಗಿದೆ. ಚಾವಣಿ, ಲಿಫ್ಟ್, ಬಾಯ್ಲರ್, ಪೈಪು ಎಷ್ಟು ವರ್ಷ ಬಾಳುತ್ತವೆ, ಬದಲಿಸಲು ಎಷ್ಟು ಬೇಕು ಅಂತ ಮೂರು ವರ್ಷಕ್ಕೊಮ್ಮೆ ಲೆಕ್ಕ ಹಾಕಿಸಬೇಕು. ಆ ಪಟ್ಟಿಯಲ್ಲಿ ಬೇಸ್‌ಮೆಂಟಿನ ಗ್ಯಾರೇಜ್ ಬಾಗಿಲಿಗೂ ಒಂದು ಸಾಲು ಇತ್ತು.

ಓದುತ್ತಾ ನನಗೆ ಸಂಕಟವಾಯಿತು. ಹೊಸ ಕಟ್ಟಡ ಎದ್ದಾಗ ಬಿಲ್ಡರ್ ನಗರಕ್ಕೆ ಡೆವಲಪ್‌ಮೆಂಟ್ ಚಾರ್ಜ್ ಕಟ್ಟುತ್ತಾರೆ. ಅದು ಬೆಳವಣಿಗೆಗೆ ಬೇಕಾದ ಹೊಸ ಕೆಲಸಗಳಿಗೆ. ಹಳೇ ಹಳಿ, ಸಿಗ್ನಲ್, ಬೋಗಿಗಳ ರಿಪೇರಿಗೆ ಅದನ್ನು ಮುಟ್ಟುವ ಹಾಗಿಲ್ಲ. ರಿಪೇರಿ ದುಡ್ಡಿಗೆ ವರ್ಷಾ ವರ್ಷಾ ಬಜೆಟ್‌ನಲ್ಲಿ ಹೋರಾಡಬೇಕು, ನಗರ, ಪ್ರಾಂತ್ಯ, ಕೇಂದ್ರ ಮೂರೂ ಸರ್ಕಾರಗಳ ಮುಂದೆ ಕೈ ಚಾಚಬೇಕು. ಹೊಸ ಮಾರ್ಗವಾದರೆ ರಿಬ್ಬನ್ ಕತ್ತರಿಸಬಹುದು, ಬೋಲ್ಟ್ ಬಿಗಿ ಮಾಡಿದರೆ ಯಾರು ಫೋಟೋ ತೆಗೀತಾರೆ? ಒಂದು ಕಟ್ಟಡದ ಲಿಫ್ಟಿಗೆ ಕಾನೂನಿನ ಕಾವಲಿದೆ. ಅಂಥ ನೂರಾರು ಕಟ್ಟಡಗಳ ಜನ ನೆಚ್ಚಿಕೊಂಡ ರೈಲಿಗೆ ಆ ಕಾವಲು ಯಾಕೆ ಬೇಡ? ಬೆಂಗಳೂರಿನ ಮೆಟ್ರೋ 2011ರಲ್ಲಿ ಶುರುವಾಗಿದ್ದು, ಇನ್ನೂ ಹೊಸದು. ಅದರ ಸುತ್ತಲೂ ಅಪಾರ್ಟ್‌ಮೆಂಟ್ ಏಳುತ್ತಿರುವ ರೀತಿ ನೋಡಿದರೆ ಅಲ್ಲಿಯೂ ಈ ಇಡಿಗಂಟನ್ನು ಈಗಲೇ ಕೂಡಿಡಬೇಕು ಅನ್ನಿಸುತ್ತೆ.

ತಮ್ಮ ಆ ಮನೆ ಬಿಟ್ಟು ಕೆನಡಿ ಸ್ಟೇಷನ್ನಿಗೆ ನಡೆದೇ ಹೋಗುವಷ್ಟು ಹತ್ತಿರ ಒಂದು ಹಳೇ ಕಟ್ಟಡದಲ್ಲಿ ಬಾಡಿಗೆ ಹಿಡಿದ. ಹಳಿ, ಸಿಗ್ನಲ್, ಬೋಗಿಗಳಿಗೂ ಮೂರು ವರ್ಷಕ್ಕೊಮ್ಮೆ ಅಂಥದೇ ಲೆಕ್ಕ ಮಾಡಿಸಿ ಜನರ ಮುಂದಿಡಿ, ಅದಕ್ಕೆ ತಕ್ಕ ಹಣ ಎತ್ತಿಡಿ ಅಂತ ನಾನು ನಮ್ಮ ವಾರ್ಡಿನ ಕೌನ್ಸಿಲರ್‌ಗೆ ಪತ್ರ ಬರೆದೆ. ತಮ್ಮನೂ ಸಹಿ ಹಾಕಿದ. ಉತ್ತರಕ್ಕೆ ಕಾಯುತ್ತಿದ್ದೇವೆ.