ಬೊಮ್ಮಸಂದ್ರದ ಮೆಟ್ಟಿಲ ಬುಡದಲ್ಲಿ ತಪ್ಪಿದ ಲೆಕ್ಕ

ಹೊಸೂರಿನಿಂದ ಬೊಮ್ಮಸಂದ್ರ ಮೆಟ್ರೋಗೆ ವ್ಯಾನ್ ಓಡಿಸುವ ಮಾಲೀಕರೊಬ್ಬರಿಗೆ ನಾವು ಒಮ್ಮೆ ಜನರನ್ನು ಎಣಿಸಿ ಕೊಟ್ಟಿದ್ದೆವು, ಆ ಲೆಕ್ಕ ತಪ್ಪಿತ್ತು. ಮೊನ್ನೆ ಹೊಸೂರು ಬಸ್ ಸ್ಟ್ಯಾಂಡ್‌ನಲ್ಲಿ ಅವರು ಸಿಕ್ಕರು. ಚೆನ್ನಾಗಿಯೇ ಮಾತಾಡಿಸಿದರು, ಟೀ ಕೊಡಿಸಿದರು. ಹೊರಡುವಾಗ "ಈಗ ಇಳಿಯೋರನ್ನೂ ಎಣಿಸ್ತೀರಾ ಸರ್?" ಎಂದು ಕೇಳಿದರು. ಕೊಂಕಿಲ್ಲದ ಮಾತು. ಆದರೂ ಮನೆಗೆ ಬರುವವರೆಗೂ ಅದೇ ಮಾತು ತಲೆಯಲ್ಲಿತ್ತು. ಅದಕ್ಕೇ ಇದನ್ನು ಬರೆದುಬಿಡೋಣ ಅನ್ನಿಸಿತು.

ನನ್ನದು ಟ್ರಾಫಿಕ್ ಸರ್ವೆ ಕೆಲಸ. ಹನ್ನೊಂದು ವರ್ಷವಾಯಿತು. ಯಾವ ಗಾಡಿ ಯಾವ ಕಡೆ ತಿರುಗುತ್ತದೆ, ಯಾರು ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ, ಬಸ್ಸಿನಲ್ಲಿ ಎಷ್ಟು ಜನ ಇದ್ದಾರೆ, ಎಲ್ಲ ಲೆಕ್ಕ ಮಾಡಿದ್ದೇನೆ. ಎಣಿಸುವ ಹುಡುಗ ಹುಡುಗಿಯರೆಲ್ಲ ನಮ್ಮ ಹೊಸೂರು ಕಡೆಯವರೇ. ಬಾಗಲೂರು, ಮತ್ತಿಗಿರಿ, ತಳಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಪಕ್ಕದ ಮನೆಯವರ ಜೊತೆ ತೆಲುಗು. ರಸ್ತೆಯಲ್ಲಿ ನಿಂತು ಜನರನ್ನು ಮಾತಾಡಿಸುವ ಕೆಲಸಕ್ಕೆ ಇವರಿಗಿಂತ ಒಳ್ಳೆಯವರು ಸಿಗುವುದಿಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

2025ರ ಆಗಸ್ಟ್ 10ರಂದು ಬೆಂಗಳೂರು ಮೆಟ್ರೋದ ಹಳದಿ ಮಾರ್ಗ ಉದ್ಘಾಟನೆಯಾಯಿತು. ಮರುದಿನದಿಂದ ಜನ ಓಡಾಡಲು ಶುರು ಮಾಡಿದರು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19.15 ಕಿಲೋಮೀಟರ್, 16 ಸ್ಟೇಷನ್. ಹೊಸೂರಿನ ನಮಗೆ ಅದು ಮನೆ ಬಾಗಿಲಿಗೆ ಬಂದಷ್ಟೇ ಖುಷಿ. ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಬಸ್ಸಿನೊಳಗೆ ಬೆವೆತವರಿಗೆ ಮಾತ್ರ ಆ ಖುಷಿ ಗೊತ್ತು.

ಎರಡು ರಾಜ್ಯದ ಪರ್ಮಿಟ್ ಇದ್ದ ಒಬ್ಬ ಮಾಲೀಕರು ಹೊಸೂರಿನಿಂದ ಬೊಮ್ಮಸಂದ್ರ ಮೆಟ್ರೋಗೆ ವ್ಯಾನ್ ಬಿಡೋಣ ಎಂದು ಯೋಚಿಸಿದರು. ಎಷ್ಟು ವ್ಯಾನ್, ಯಾವ ಹೊತ್ತಿಗೆ, ಎಷ್ಟು ದರ ಎಂದು ಹೇಳಬೇಕಾದ್ದು ನಾವು. ಒಂದೇ ದಿನದ ಸರ್ವೆ, ಒಂಬತ್ತು ಜನ. ಎರಡು ದಿನ ಬೇಕು ಎಂದು ನಾನು ಕೇಳಿದ್ದೆ, ಆಫೀಸಿನಲ್ಲಿ ಒಪ್ಪಲಿಲ್ಲ. ಇದು ಪ್ರತಿ ಸಲದ ಕಥೆ. ಬಣ್ಣದ ಮ್ಯಾಪ್ ಪ್ರಿಂಟ್ ಮಾಡಿಸಲು ದುಡ್ಡಿರುತ್ತದೆ. ಸ್ಥಳದಲ್ಲಿ ಒಂದು ದಿನ ಸುಮ್ನೆ ನಿಂತು ನೋಡಲು ಇರುವುದಿಲ್ಲ.

ಡಿಪ್ಲಾಯ್‌ಮೆಂಟ್, ಅಂದರೆ ಯಾರು ಎಲ್ಲಿ ನಿಲ್ಲಬೇಕು ಎಂಬ ಪಟ್ಟಿ, ಹಾಕಿದ್ದು ನಾನೇ. ಬೊಮ್ಮಸಂದ್ರ ಲಾಸ್ಟ್ ಸ್ಟೇಷನ್. ಬೆಳಿಗ್ಗೆ ಹೊಸೂರು, ಅತ್ತಿಬೆಲೆ, ಚಂದಾಪುರದ ಜನ ಬಂದು ಹತ್ತುತ್ತಾರೆ, ಸಂಜೆ ವಾಪಸ್ ಇಳಿಯುತ್ತಾರೆ. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಒಳಗೆ ನಿಲ್ಲಲು ಪರ್ಮಿಷನ್ ಇರಲಿಲ್ಲ, ಮೆಟ್ಟಿಲ ಬುಡದಲ್ಲೇ ನಿಲ್ಲಬೇಕಿತ್ತು. ಹತ್ತುವವರ ಕಡೆ ಏಳು ಜನರನ್ನು ಹಾಕಿದೆ. ಎಲ್ಲಿಂದ ಬಂದಿರಿ, ಯಾವ ಗಾಡಿಯಲ್ಲಿ ಬಂದಿರಿ, ಎಷ್ಟು ಕೊಟ್ಟಿರಿ ಎಂದು ಕೇಳಲು. ಇಳಿಯುವವರ ಕಡೆ ಇಬ್ಬರು. ಅವರಿಗೆ ಬರೀ ಟ್ಯಾಲಿ, ಗೆರೆ ಎಳೆದು ಎಣಿಸುವುದಷ್ಟೇ. ಇಳಿಯುವವರನ್ನು ಕೇಳುವ ಪ್ರಶ್ನೆ ಫಾರ್ಮ್‌ನಲ್ಲಿ ಒಂದೂ ಇರಲಿಲ್ಲ. ಅದನ್ನು ಬರೆದವನೂ ನಾನೇ.

ಹಿಂದಿನ ವಾರ ಮ್ಯಾನೇಜರ್ ಕಂಪ್ಯೂಟರಿನಲ್ಲಿ ಸ್ಟೇಷನ್ ಸುತ್ತ 800 ಮೀಟರ್ ವೃತ್ತ ಹಾಕಿ ತೋರಿಸಿದ್ದರು. ಕೇಂದ್ರ ಸರ್ಕಾರದ 2017ರ ಟಿ.ಒ.ಡಿ. ನೀತಿಯಲ್ಲಿ (ಸ್ಟೇಷನ್‌ಗಳ ಸುತ್ತ ಊರು ಬೆಳೆಸುವ ನೀತಿ) 500ರಿಂದ 800 ಮೀಟರ್ ಎಂದಿದೆ, ನಡೆದು ಬರುವ ದೂರ. ವೃತ್ತದೊಳಗೆ ಕಾರ್ಖಾನೆ ಶೆಡ್‌ಗಳು, ಗೋಡೌನ್, ಅಲ್ಲಲ್ಲಿ ಪಿ.ಜಿ. "ಇಲ್ಲಿ ಮನೆಗಳೇ ಕಡಿಮೆ ಅಲ್ವಾ, ಹತ್ತೋರು ಯಾರು?" ಎಂದು ಅವರು ಕೇಳಿದರು. ನಾನು ಜೋರಾಗಿಯೇ ಹೇಳಿದೆ: "ಸರ್, ಇದು ಕೊನೆ ಸ್ಟೇಷನ್. ನಮ್ಮ ಜನ ಹೊಸೂರಿಂದ ಬರ್ತಾರೆ, ನಿಮ್ಮ ವೃತ್ತದೊಳಗಿಂದ ಅಲ್ಲ." ಅದೇ ವರ್ಷದ ಮೆಟ್ರೋ ರೈಲ್ ನೀತಿಯಲ್ಲಿ ಫೀಡರ್ ವ್ಯವಸ್ಥೆಗೆ, ಅಂದರೆ ಜನರನ್ನು ಸ್ಟೇಷನ್ನಿಗೆ ತಂದು ಬಿಡುವ ಬಸ್ಸು ವ್ಯಾನುಗಳಿಗೆ, ಸ್ಟೇಷನ್ನಿನಿಂದ 5 ಕಿಲೋಮೀಟರ್ ಲೆಕ್ಕ ಹಿಡಿದಿದ್ದಾರೆ. ಹೆದ್ದಾರಿಯ ಮೇಲಿನ ಕೊನೆ ಸ್ಟೇಷನ್ ಅದಕ್ಕಿಂತಲೂ ದೂರದಿಂದ ಜನರನ್ನು ಎಳೆಯುತ್ತದೆ. ಅಷ್ಟರ ಮಟ್ಟಿಗೆ ನನ್ನ ಮಾತು ಸರಿ. ಆದರೆ ಆ ಮನೆಯಿಲ್ಲದ ವೃತ್ತ ಏನು ಹೇಳುತ್ತಿದೆ ಎಂದು ನಾನು ನೋಡಲಿಲ್ಲ. ಮನೆಗಳಿಲ್ಲದ ಕಡೆ ಇಷ್ಟೊಂದು ಶೆಡ್ ಇದ್ದರೆ, ಅಲ್ಲಿ ಕೆಲಸ ಮಾಡುವವರು ಬೇರೆಲ್ಲಿಂದಲೋ ಬರಲೇಬೇಕು ತಾನೇ?

ಸರ್ವೆ ಆಗಸ್ಟ್ ಮೂರನೇ ವಾರ, ಒಂದು ಬುಧವಾರ. ಆಗ ಮೂರೇ ರೈಲು, 25 ನಿಮಿಷಕ್ಕೊಂದು. ಏಳೂವರೆಗೆಲ್ಲ ಹೊಸೂರಿನ ಬಸ್‌ಗಳಿಂದ ಜನ ಇಳಿದು ಮೆಟ್ಟಿಲ ಕಡೆ ಬರಲು ಶುರುವಾದರು. ಏಳು ಜನಕ್ಕೂ ಬಿಡುವಿಲ್ಲ. ನನ್ನ ಲೆಕ್ಕ ಸರಿಯಾಯಿತು ಎಂದು ಬೀಗಿದೆ. ಎಂಟಕ್ಕೆ ಇಳಿಯುವ ಕಡೆ ಇದ್ದ ಇಬ್ಬರಲ್ಲಿ ಒಬ್ಬನನ್ನೂ ಇತ್ತ ಕರೆಸಿಕೊಂಡೆ. ಅಲ್ಲಿ ಉಳಿದದ್ದು ತಳಿ ಕಡೆಯ ಹುಡುಗಿ ಒಬ್ಬಳೇ.

ಎಂಟೂ ಹತ್ತಕ್ಕೆ ಅವಳ ಫೋನ್ ಬಂತು.

"ಅಣ್ಣಾ, ಇಲ್ಲಿ ಇಳಿಯೋರೇ ಜಾಸ್ತಿ ಅಣ್ಣಾ. ಒಬ್ಬಳಿಂದ ಆಗ್ತಿಲ್ಲ. ಯಾರನ್ನಾದ್ರೂ ಕಳ್ಸಿ."

"ಹೊಸ ಮೆಟ್ರೋ ಕಣಮ್ಮ, ನೋಡೋಕೆ ಬಂದಿರ್ತಾರೆ. ನೀನು ಟ್ಯಾಲಿ ಹಾಕ್ತಿರು."

ಬುಧವಾರ ಬೆಳಿಗ್ಗೆ ಎಂಟಕ್ಕೆ ಟಿಫನ್ ಡಬ್ಬಿ ಹಿಡಿದು ಯಾರು ಮೆಟ್ರೋ ನೋಡಲು ಬರುತ್ತಾರೆ? ಈಗ ಯೋಚಿಸಿದರೆ ಬೇಸರವಾಗುತ್ತದೆ. ಅವಳು ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದಳು. ನಾನು ಇನ್ನೂರು ಹೆಜ್ಜೆ ದೂರದಲ್ಲಿ ನಿಂತು ಅವಳಿಗೆ ಉತ್ತರ ಕೊಡುತ್ತಿದ್ದೆ. ಎರಡನೇ ಸಲ ಫೋನ್ ಬಂದಾಗ ಕಟ್ ಮಾಡಿದೆ. ಮೂರನೇ ಸಲ ಅವಳು ಮಾಡಲೇ ಇಲ್ಲ.

ಒಂಬತ್ತರ ಹೊತ್ತಿಗೆ ಫಾರ್ಮ್ ಕೊಡಲು ಅತ್ತ ಹೋದೆ. ಮೇಲೆ ರೈಲು ಬಂದು ನಿಂತ ಸದ್ದು ಕೇಳಿಸಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದೇ ಸಲಕ್ಕೆ ಮೆಟ್ಟಿಲು ತುಂಬಿತು. ಕೊರಳಲ್ಲಿ ಐ.ಡಿ. ಟ್ಯಾಗ್ ಹಾಕಿದವರು, ಕಂಪನಿ ಶರ್ಟಿನವರು, ಇಂಟರ್‌ವ್ಯೂಗೆ ಫೈಲ್ ಹಿಡಿದ ಡಿಪ್ಲೊಮಾ ಹುಡುಗರು. ಅವರ ನಡುವೆ ಎಕ್ಸ್‌ರೇ ಕವರ್ ಎದೆಗೊತ್ತಿಕೊಂಡು ನಿಧಾನಕ್ಕೆ ಇಳಿಯುತ್ತಿದ್ದ ಅಜ್ಜ, ಅವರ ರಟ್ಟೆ ಹಿಡಿದ ಮಗಳು. ಹತ್ತುವವರು ಇಬ್ಬರು ಮೂವರಂತೆ ಬರುತ್ತಾರೆ, ಎಣಿಸಬಹುದು. ಇಳಿಯುವವರು ಹಾಗಲ್ಲ. ಇಡೀ ರೈಲೇ ಎರಡು ನಿಮಿಷದಲ್ಲಿ ಕೆಳಗಿಳಿಯುತ್ತದೆ.

ಹುಡುಗಿ ನಾಲ್ಕು ಗೆರೆ ಒಂದು ಅಡ್ಡಗೆರೆ ಹಾಕುವುದನ್ನು ಬಿಟ್ಟು ಬೆರಳು ಮಡಚುತ್ತಿದ್ದಳು. ತುಟಿ ಅಲುಗುತ್ತಿತ್ತು. ಅಷ್ಟರಲ್ಲಿ ಆ ಅಜ್ಜ ಬಂದು ಆಸ್ಪತ್ರೆಗೆ ಯಾವ ಕಡೆ ಎಂದು ಕೇಳಿದರು. ಅವಳು ಕೈ ತೋರಿಸಿ ಹೇಳಿದಳು, ಎಣಿಕೆ ತಪ್ಪಿತು. ಜನ ಕರಗಿದ ಮೇಲೆ ಫಾರ್ಮ್‌ನ ಆ ಸ್ಲಾಟ್‌ನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದಳು. ಮೇಲೆ ಆಗಲೇ ಅಂಥವು ಎರಡಿದ್ದವು.

"ಇದೇನಮ್ಮ ಇದು?" ಎಂದೆ.

"ಗೊತ್ತಿಲ್ದೆ ನಂಬರ್ ಹೇಗೆ ಬರೀಲಿ ಅಣ್ಣಾ?" ಎಂದಳು. ಅವಳ ಕಣ್ಣು ತುಂಬಿತ್ತು.

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಕೂಡಲೇ ಮೂವರನ್ನು ಅತ್ತ ಕಳಿಸಿದೆ. ಆದರೆ ಬೆಳಗಿನ ಪೀಕ್ ಮುಗಿಯುತ್ತಾ ಬಂದಿತ್ತು.

ಇಲ್ಲಿಗೇ ನಿಂತಿದ್ದರೆ ತಪ್ಪು ಒಂದೇ ಆಗುತ್ತಿತ್ತು. ಆಫೀಸಿನಲ್ಲಿ ಶೀಟ್ ನೋಡಿದ ಮ್ಯಾನೇಜರ್‌ಗೆ ಪ್ರಶ್ನೆ ಚಿಹ್ನೆಗಿಂತ ಸೊನ್ನೆಗಳು ಕಂಡವು. "ಮಧ್ಯ ಮಧ್ಯ ಸೊನ್ನೆ ಇದೆ, ನಿದ್ದೆ ಮಾಡಿದ್ರಾ?" ಎಂದರು. ಫಾರ್ಮ್ 15 ನಿಮಿಷದ ಸ್ಲಾಟಿನದು, ರೈಲು 25 ನಿಮಿಷಕ್ಕೊಂದು. ರೈಲೇ ಬಾರದ ಸ್ಲಾಟ್‌ನಲ್ಲಿ ಸೊನ್ನೆ ಬಾರದೆ ಇನ್ನೇನು ಬರಬೇಕು? ಅದನ್ನು ವಿವರಿಸುವುದರಲ್ಲೇ ಸಂಜೆಯಾಯಿತು. ಆಮೇಲೆ ಅವರು "ಬೆಳಿಗ್ಗೆ ಇಳಿದವರೇ ತಾನೇ ಸಂಜೆ ಹತ್ತೋದು, ಸಂಜೆ ನಂಬರ್ ತಿರುಗಿಸಿ ಹಾಕಿ" ಎಂದರು. ಸುಸ್ತಾಗಿತ್ತು, ನಾನು ಹೂಂ ಎಂದೆ. ಆ ಹೂಂ ಅಂದದ್ದು ನನ್ನದೇ ತಪ್ಪು, ಅವರ ಮೇಲೆ ಹಾಕುವುದಿಲ್ಲ.

ಬೊಮ್ಮಸಂದ್ರದಂಥ ಕಡೆ ಸಂಜೆ ಬೆಳಗಿನ ಕನ್ನಡಿಯಲ್ಲ. ಫಸ್ಟ್ ಶಿಫ್ಟಿಗೆ ಆರಕ್ಕೆ ಗೇಟ್ ಒಳಗಿರಬೇಕಾದವರಿಗೆ ಆಗಿನ ಮೊದಲ ರೈಲು ಹೊಂದುತ್ತಿರಲಿಲ್ಲ, ಅವರು ಕಂಪನಿ ಬಸ್ಸಿಗೋ ಬೈಕಿಗೋ ಬರುತ್ತಿದ್ದರು. ಅವರಲ್ಲಿ ಕೆಲವರು ಮಧ್ಯಾಹ್ನ ಎರಡರ ಮೇಲೆ ವಾಪಸಾಗಲು ಮೆಟ್ರೋ ಹತ್ತುತ್ತಿದ್ದರು. ಆ ಹೊತ್ತಿಗೆ ನಮ್ಮವರು ಊಟಕ್ಕೆ ಹೋಗಿದ್ದರು. ಜನರಲ್ ಶಿಫ್ಟಿನವರು ಬೆಳಿಗ್ಗೆ ಗೇಟಿಗೆ ಹೆದರಿ ಒಟ್ಟಿಗೆ ಬರುತ್ತಾರೆ, ಸಂಜೆ ಓವರ್‌ಟೈಮ್ ಮುಗಿಸಿ ಚದುರಿ ಹೋಗುತ್ತಾರೆ. ಆಸ್ಪತ್ರೆಗೆ ಬಂದವರಿಗೆ ಪೀಕ್ ಎಂಬುದೇ ಇಲ್ಲ. ಒ.ಪಿ.ಡಿ. ಯಾವಾಗ ಬಿಟ್ಟಿತೋ ಆಗ ಹೊರಡುತ್ತಾರೆ, ಅಡ್ಮಿಟ್ ಆದರೆ ಹೊರಡುವುದೇ ಇಲ್ಲ. ಕೆಲವೇ ಸ್ಟೇಷನ್ ಆಚೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮತ್ತೆ ಬೇರೆ ಥರ. ಅದೂ ಕೆಲಸದ ಜಾಗವೇ, ಆದರೆ ಐ.ಟಿ.ಯವರಿಗೆ ಐದು ನಿಮಿಷ ತಡವಾದರೆ ಗೇಟ್ ಮುಚ್ಚುವುದಿಲ್ಲ. ಒಂಬತ್ತರಿಂದ ಹನ್ನೊಂದರವರೆಗೆ ನಿಧಾನಕ್ಕೆ ಬರುತ್ತಾರೆ, ಶುಕ್ರವಾರ ಮನೆಯಿಂದಲೇ ಕೆಲಸ ಮಾಡುವವರೂ ಇದ್ದಾರೆ. ಇನ್ನು ಮೆಜೆಸ್ಟಿಕ್ ನೋಡಿ. ರೈಲ್ವೆ ಸ್ಟೇಷನ್, ಬಸ್ ಸ್ಟ್ಯಾಂಡ್ ಎರಡೂ ಪಕ್ಕದಲ್ಲಿ, ಜೊತೆಗೆ ಮಾರ್ಗ ಬದಲಿಸುವ ಜಾಗ. ಅಲ್ಲಿ ದಿನವಿಡೀ ಸೂಟ್‌ಕೇಸ್.

ರಿಪೋರ್ಟ್‌ನಲ್ಲಿ ನಾವು ಬರೆದದ್ದು: ಬೆಳಿಗ್ಗೆ ವ್ಯಾನ್ ಹೊಸೂರಿನಿಂದ ತುಂಬಿ ಬರುತ್ತದೆ, ಖಾಲಿ ವಾಪಸ್ ಹೋಗುತ್ತದೆ. ಆ ಖಾಲಿ ಟ್ರಿಪ್‌ನ ಡೀಸೆಲ್ ಸೇರಿಸಿ ದರ ಹೇಳಿದೆವು. ದರ ಬಸ್ಸಿಗಿಂತ ತುಂಬಾ ಜಾಸ್ತಿ ಬಂತು.

ಮಾಲೀಕರು ಅದನ್ನು ಓದಿ ಸುಮ್ಮನಿರಲಿಲ್ಲ. ಅವರೇ ಒಂದು ದಿನ ಬೆಳಿಗ್ಗೆ ಬೊಮ್ಮಸಂದ್ರಕ್ಕೆ ಹೋಗಿ ನಿಂತರು. ಅಲ್ಲಿಂದಲೇ ನನಗೆ ಫೋನ್ ಮಾಡಿದರು. "ಸರ್, ಮೆಟ್ರೋ ಇಳಿದು ಹೊಸೂರು ಬಸ್ಸಿಗೆ ಕಾಯ್ತಾ ಇರೋರು ಇಷ್ಟು ಜನ ಇದ್ದಾರೆ. ಸಿಪ್‌ಕಾಟ್‌ಗೆ ಹೋಗೋರಂತೆ. ಇವರು ನಿಮ್ಮ ರಿಪೋರ್ಟ್‌ನಲ್ಲಿ ಎಲ್ಲಿದ್ದಾರೆ?"

ಹೊಸೂರಿನ ಸಿಪ್‌ಕಾಟ್! ನಾನು ಹುಟ್ಟಿ ಬೆಳೆದ ಊರಿನ ಕೈಗಾರಿಕಾ ಪ್ರದೇಶ. ಅಶೋಕ್ ಲೇಲ್ಯಾಂಡ್, ಟೈಟನ್, ಟಿ.ವಿ.ಎಸ್. ಎಲ್ಲ ಇರುವ ಊರು. ಬೆಂಗಳೂರಿನಿಂದ ಇಲ್ಲಿಗೆ ಕೆಲಸಕ್ಕೆ ಬರುವವರನ್ನು ಜೂಜುವಾಡಿಯಲ್ಲಿ ದಿನಾ ನೋಡುತ್ತೇನೆ. ಆದರೂ ಡಿಪ್ಲಾಯ್‌ಮೆಂಟ್ ಹಾಕುವಾಗ ನನಗೆ ಹೊಸೂರು ಎಂದರೆ ಜನ ಬಿಟ್ಟು ಹೋಗುವ ಊರು ಮಾತ್ರ ಆಗಿತ್ತು. ಏಕೆಂದರೆ ನಾನು ಹಾಗೆ ಬಿಟ್ಟು ಹೋಗುತ್ತಿದ್ದವನು. ವ್ಯಾನಿನ ಎರಡೂ ತುದಿಯಲ್ಲಿ ಕೆಲಸವಿದೆ, ಒಂದು ತುದಿಯಲ್ಲಿ ಮನೆಗಳೂ ಇವೆ. ಖಾಲಿ ಹೋಗುವ ಮಾತೆಲ್ಲಿ?

ಆ ರಾತ್ರಿ ಮ್ಯಾನೇಜರ್‌ಗೆ ಹೇಳಿದೆ, ನಂಬರ್ ತಿರುಗಿಸಿ ಹಾಕಿದ್ದು ತಪ್ಪು, ಮತ್ತೆ ಎಣಿಸಬೇಕು ಎಂದು. ತುಂಬಾ ವಾದವಾಯಿತು. ಕೊನೆಗೆ ಅರ್ಧ ದಿನದ ಬಾಟಾ ಒಪ್ಪಿದರು. ಉಳಿದರ್ಧ ನಾನು ಕೊಟ್ಟೆ, ಹುಡುಗರ ಹೊಟ್ಟೆ ಮೇಲೆ ನನ್ನ ತಪ್ಪನ್ನು ಹಾಕುವುದು ಸರಿಯಲ್ಲ. ತಳಿಯ ಹುಡುಗಿಯ ಹತ್ತಿರ ಎಲ್ಲರೆದುರು ಕ್ಷಮೆ ಕೇಳಿದೆ. ಅವಳು, "ಬಿಡಿ ಅಣ್ಣಾ, ಫಾರ್ಮ್ ಬದ್ಲಾಯಿಸೋಣ" ಎಂದಳು. ಫಾರ್ಮ್ ಅವಳೇ ಬರೆದಳು. 15 ನಿಮಿಷದ ಸ್ಲಾಟ್ ತೆಗೆದು ಒಂದು ರೈಲಿಗೆ ಒಂದು ಸಾಲು ಮಾಡಿದಳು. ಇಳಿಯುವವರಿಗೆ ಒಂದೇ ಪ್ರಶ್ನೆ: ಈಗ ಎಲ್ಲಿಗೆ? ಎರಡನೇ ರಿಪೋರ್ಟ್‌ನಲ್ಲಿ ದರ ಇಳಿಯಿತು. ವ್ಯಾನ್ ಇವತ್ತೂ ಓಡುತ್ತಿದೆ.

ಈಗ ಬೊಮ್ಮಸಂದ್ರದಿಂದ ಹೊಸೂರಿಗೆ ಮೆಟ್ರೋ ತರುವ ಮಾತು ಎಲ್ಲ ಟೀ ಅಂಗಡಿಯಲ್ಲೂ ಇದೆ. ಬೆಂಗಳೂರು ಮೆಟ್ರೋದ್ದು ಹಳಿ ಪಕ್ಕದ ಕಂಬಿಯಲ್ಲಿ ಕರೆಂಟ್ ಬರುವ 750 ವೋಲ್ಟ್ ಥರ್ಡ್ ರೈಲ್, ತಮಿಳುನಾಡಿನ ಚೆನ್ನೈ ಮೆಟ್ರೋದ್ದು ಮೇಲಿನ ತಂತಿಯ 25 ಕಿಲೋವೋಲ್ಟ್, ಎರಡೂ ಹೇಗೆ ಸೇರುತ್ತವೆ ಎಂದು ಚರ್ಚೆ ಮಾಡುತ್ತಾರೆ. ಅದು ಬೇಕಾದ ಚರ್ಚೆಯೇ. ಆದರೆ ಸ್ಟೇಷನ್ ಸಿಪ್‌ಕಾಟ್ ಗೇಟಿಗೆ ಹತ್ತಿರವೋ, ಬಸ್ ಸ್ಟ್ಯಾಂಡಿಗೆ ಹತ್ತಿರವೋ, ಅಲ್ಲಿ ಯಾರು ಎಷ್ಟು ಹೊತ್ತಿಗೆ ಇಳಿಯುತ್ತಾರೆ ಎಂದು ಕೇಳುವವರು ಕಾಣುವುದಿಲ್ಲ. ನನಗೆ ಅದೇ ಚಿಂತೆ.

ಮುಂದಿನ ವಾರ ಸಿಪ್‌ಕಾಟ್ ಬಸ್ ಸ್ಟಾಪಿನಲ್ಲಿ ಎಣಿಕೆ ಇದೆ. ಡಿಪ್ಲಾಯ್‌ಮೆಂಟ್ ಈಗ ಆ ಹುಡುಗಿಯೇ ಹಾಕುತ್ತಾಳೆ. ನಾಳೆ ಬೆಳಿಗ್ಗೆ ಐದೂವರೆಗೆ ಇಬ್ಬರೂ ಅಲ್ಲಿ ಹೋಗಿ ನಿಲ್ಲಬೇಕು, ಶಿಫ್ಟ್ ಬಿಡುವವರೆಗೂ. ಫಾರ್ಮ್ ತರಬೇಡಿ ಅಣ್ಣಾ ಎಂದಿದ್ದಾಳೆ.